ಹಿನ್ನೀರಿನಲ್ಲಿ ಎರಡು ದಿನ

ಬೇಸಿಗೆ ಬಂತೆಂದರೆ ನಮ್ಮ ಸೀಮೆಯ ಜನರು ಒಂದೋ ಮದುವೆ ಮಾಡುತ್ತಾರೆ, ಇಲ್ಲವೇ ಮದುವೆಗೆ ಹೋಗುತ್ತಾರೆ. ಈ ಎರಡು ಭಾಗ್ಯವೂ ಇಲ್ಲದವರು ಕಿಟಕಿಗೆ ಲಾವಂಚದ ತಟ್ಟಿ ಕಟ್ಟಿ, ಅದಕ್ಕೆ ಗಂಟೆಗೊಮ್ಮೆ ನೀರು ಚಿಮುಕಿಸುತ್ತ, ಮೃಗಶಿರಾ ಮಳೆ ಯಾವಾಗ ಹೂಡೀತೆಂದು ಪಂಚಾಂಗ ತಿರುವುತ್ತ ಕಾಲ ನೂಕುತ್ತಾರೆ. ನಾರಾಯಣಪೇಟೆ, ಮಕ್ತಲ, ಗದ್ವಾಲಗಳ ಬಿಸಿಲನ್ನು ಉಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹೊರದೇಶದಲ್ಲಿರುವ ನಮ್ಮ ಮಿತ್ರರೊಬ್ಬರ ಮಗನು ತನ್ನ ಗೆಳೆಯರೊಡನೆ ಏಡ್ರಿಯಾಟಿಕ್ ಸಮುದ್ರದಲ್ಲಿ ಒಂದು ವಾರ ಹಾಯಿದೋಣಿಯಲ್ಲಿ ತೇಲಾಡಿ ಬಂದನಂತೆ. ಹಗಲೆಲ್ಲ ಗಾಳಿ ಕರೆದತ್ತ ಸಾಗುವುದು, ಸಂಜೆಗೆ ಚೆಲುವಾದ ಒಂದು ಕೊಲ್ಲಿಯನ್ನು ಹುಡುಕಿ ಲಂಗರು ಹಾಕುವುದು, ಅಲ್ಲಿಯೇ ಅಡಿಗೆ, ಅಲ್ಲಿಯೇ ನಿದ್ರೆ. ಅವನು ಕಳುಹಿಸಿದ ಚಿತ್ರಗಳು ನಮ್ಮ ಸಂಜೆಯ ಕೂಟದಲ್ಲಿ ಕೈಯಿಂದ ಕೈಗೆ ದಾಟಿದವು. ನೋಡಿ ಮುಗಿದ ಮೇಲೆ ನಮ್ಮ ನಡುವಿನ ನಿವೃತ್ತ ಮಾಸ್ತರರು ಕನ್ನಡಕ ತೆಗೆದು ಒರೆಸುತ್ತ, "ನಮಗೇನು ನೀರಿಲ್ಲವೇ? ಹದಿನಾಲ್ಕುನೂರು ಕಿಲೋಮೀಟರು ಹರಿಯುವ ಹೊಳೆ ನಮ್ಮ ಮನೆಯ ಹಿತ್ತಲಿನಲ್ಲಿದೆ" ಎಂದರು. ಗದ್ವಾಲದ ವಕೀಲರು ಕೂಡಲೇ ಇದನ್ನು ಎತ್ತಿಕೊಂಡರು. ನಾರಾಯಣಪೇಟೆಯ ಜವಳಿ ವ್ಯಾಪಾರಿಗಳು ಖರ್ಚಿನ ಲೆಕ್ಕ ಹಾಕಿದರು. ಹೀಗೆ ವೈಶಾಖದ ಒಂದು ಶನಿವಾರ ಬೆಳಗಿನ ಜಾವ, ಮೂರೂ ಊರುಗಳಿಂದ ಹೆಂಗಸರು ಮಕ್ಕಳು ಸೇರಿ ನಾವು ಹನ್ನೊಂದು ಮಂದಿ ಮಕ್ತಲದ ಪಡಮಟಿ ಆಂಜನೇಯನ ಗುಡಿಯ ಮುಂದೆ ಕಲೆತು, ಅಲ್ಲಿಂದ ಪಂಚದೇವ ಪಹಾಡದ ಹೊಳೆದಂಡೆಗೆ ಇಳಿದೆವು.

ಈ ಭಾಗದ ಹೊಳೆಯನ್ನು ನೋಡದ ಓದುಗರಿಗಾಗಿ ಸ್ವಲ್ಪ ವಿವರ. ಕೃಷ್ಣೆಯು ತಂಗಡಿಯ ಬಳಿ ಭೀಮೆಯನ್ನು ಕೂಡಿಕೊಂಡು ತೆಲಂಗಾಣವನ್ನು ಮುಟ್ಟುತ್ತಾಳೆ. ಅಲ್ಲಿಂದ ಕೆಲವು ಹರದಾರಿ ದೂರ ಎಡದಂಡೆ ಮಕ್ತಲದ ಕಡೆಯದು, ಬಲದಂಡೆ ರಾಯಚೂರಿನದು. ಇನ್ನೂ ಕೆಳಗೆ ಸರಿದರೆ ಬಲದಂಡೆಗೂ ಗದ್ವಾಲವೇ ಬರುತ್ತದೆ. ಇದು ಇಂದಿನ ನಕ್ಷೆ. 1956ರ ನವೆಂಬರ್ 1ಕ್ಕೆ ಮುಂಚೆ ಗದ್ವಾಲ ಮತ್ತು ಆಲಂಪುರ ತಾಲ್ಲೂಕುಗಳು ರಾಯಚೂರು ಜಿಲ್ಲೆಯಲ್ಲಿಯೇ ಇದ್ದವೆಂಬುದು ಈಗಿನ ಮಕ್ಕಳಿಗೆ ಆಶ್ಚರ್ಯವೆನಿಸಬಹುದು. ರಾಜ್ಯ ಪುನರ್ವಿಂಗಡಣೆಯಾದಾಗ ಅವು ಆಂಧ್ರಪ್ರದೇಶದ ಮಹಬೂಬನಗರಕ್ಕೆ ಸೇರಿದವು, 2014ರಲ್ಲಿ ತೆಲಂಗಾಣವಾಯಿತು, 2016ರಲ್ಲಿ ಗದ್ವಾಲವೂ 2019ರಲ್ಲಿ ನಾರಾಯಣಪೇಟೆಯೂ ತಾವೇ ಜಿಲ್ಲೆಗಳಾದವು. ಹೊಳೆ ಮಾತ್ರ ಇದ್ದಲ್ಲಿಯೇ ಇದ್ದು, ಇಷ್ಟು ಗೆರೆಗಳನ್ನು ತನ್ನ ಮೇಲೆ ಎಳೆಸಿಕೊಂಡಿದೆ.

ಇಲ್ಲಿ ಹೊಳೆಯ ಪಾತ್ರವೆಲ್ಲ ಬಂಡೆ. ಸುಮಾರು 250 ಕೋಟಿ ವರ್ಷಗಳ ಹಿಂದಿನ ಕಣಶಿಲೆ ಎಂದು ಭೂಶಾಸ್ತ್ರಜ್ಞರು ಹೇಳುತ್ತಾರೆ. ಈ ಬಂಡೆಗಳನ್ನು ಕೊರೆಯಲಾರದೆ ಕೃಷ್ಣೆ ಹಲವು ಸೀಳಾಗಿ ಹರಿಯುತ್ತಾಳೆ. ಸೀಳುಗಳ ನಡುವೆ ನಡುಗಡ್ಡೆಗಳು ಉಳಿಯುತ್ತವೆ. ಹಳೆಯ ಕನ್ನಡದಲ್ಲಿ ಇವಕ್ಕೆ 'ಕುರುವ' ಎಂದು ಹೆಸರು. ಕುರುವಪುರ, ಕುರುವಕಲಾ, ಕುರುವಕುರ್ದಾ ಎಂಬ ಇಲ್ಲಿಯ ಊರ ಹೆಸರುಗಳಲ್ಲಿ ಆ ಶಬ್ದ ಇಂದಿಗೂ ಜೀವಂತವಾಗಿದೆ. ಕೆಳಗೆ ಗದ್ವಾಲದ ಕಡೆಗೆ ಹೋದರೆ ಗುರ್ರಂಗಡ್ಡ ಎಂಬ ಇನ್ನೊಂದು ನಡುಗಡ್ಡೆಯ ಊರುಂಟು. ತೆಲುಗಿನಲ್ಲಿ ಕುದುರೆಗೆ ಗುರ್ರಂ. ಕುರುವದಲ್ಲಿ ಕನ್ನಡ, ಗುರ್ರಂಗಡ್ಡದಲ್ಲಿ ತೆಲುಗು. ನಡುವೆ ಹರಿಯುವ ನೀರು ಒಂದೇ.

ಇನ್ನೊಂದು ಮಾತನ್ನೂ ಮೊದಲೇ ಹೇಳಿಬಿಡಬೇಕು. ನಮ್ಮ ಹಿರಿಯರಿಗೆ ಬೇಸಿಗೆಯಲ್ಲಿ ಇಲ್ಲಿ ಇಂಥ ವಿಹಾರ ಸಾಧ್ಯವೇ ಇರಲಿಲ್ಲ. ಆಗ ಚೈತ್ರ ವೈಶಾಖಗಳಲ್ಲಿ ಹೊಳೆ ಬಂಡೆಗಳ ಸಂದಿಯಲ್ಲಿ ಸಣ್ಣ ಝರಿಗಳಾಗಿ ಇಂಗಿಹೋಗುತ್ತಿತ್ತು. ಮಂಡಿಯುದ್ದ ನೀರಿನಲ್ಲಿ ಜನವೂ ದನವೂ ದಾಟುತ್ತಿದ್ದವು. ಈಗ ನಮ್ಮ ದೋಣಿ ತೇಲಿದ್ದು ಜುರಾಲ ಅಣೆಕಟ್ಟಿನ ಹಿನ್ನೀರಿನಲ್ಲಿ. 1973ರ ಬಚಾವತ್ ನ್ಯಾಯಮಂಡಳಿಯ ತೀರ್ಪಿನಲ್ಲಿ ಜುರಾಲಕ್ಕೆಂದು 17.84 ಟಿಎಂಸಿ ನೀರು ಹಂಚಿಕೆಯಾಗಿತ್ತು. 1981ರಲ್ಲಿ ಅಡಿಗಲ್ಲು ಬಿದ್ದಿತು. ತೊಂಬತ್ತರ ದಶಕದ ನಡುವಿನಲ್ಲಿ ಕಟ್ಟೆ ನಿಂತಿತು. ಜಲಾಶಯ ತುಂಬಿದಾಗ ನೀರಿನ ಮಟ್ಟ ಸಮುದ್ರಮಟ್ಟಕ್ಕಿಂತ 1045 ಅಡಿ. ಆ ನೀರು ಹಿಂದೆ ಸರಿದು ಸರಿದು ಮಕ್ತಲ, ರಾಯಚೂರುಗಳ ಹೊಲದಂಚಿಗೆ ಬಂದು ನಿಂತಿದೆ. ಹಳೆಯ ಹಳ್ಳಗಳ ಬಾಯಿಗಳೆಲ್ಲ ಇಂದು ಪುಟ್ಟ ಕೊಲ್ಲಿಗಳಾಗಿವೆ.

ಮಳೆ ಕೈಕೊಟ್ಟ ವರ್ಷ ಈ ಕೊಲ್ಲಿಗಳೂ ಇರುವುದಿಲ್ಲ. 2019ರ ಮೇ ತಿಂಗಳಿನಲ್ಲಿ ಜುರಾಲ ಬತ್ತಿ, ಮಹಬೂಬನಗರ ಸೀಮೆಗೆ ಕುಡಿಯುವ ನೀರಿಗೇ ತತ್ವಾರವಾದಾಗ, ತೆಲಂಗಾಣದ ಕೋರಿಕೆಯ ಮೇರೆಗೆ ಕರ್ನಾಟಕ ಸರಕಾರವು ನಾರಾಯಣಪುರ ಜಲಾಶಯದಿಂದ ಎರಡೂವರೆ ಟಿಎಂಸಿ ನೀರು ಬಿಡಲು ಒಪ್ಪಿತು. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ನಾರಾಯಣಪುರದಿಂದ ಬಂದ ನೀರನ್ನು ನಾರಾಯಣಪೇಟೆಯವರು ಕುಡಿದರೆಂದು ಆ ವರ್ಷ ನಮ್ಮಲ್ಲಿ ತಮಾಷೆಯ ಮಾತೊಂದು ಓಡಾಡಿತು. ಈ ಎರಡು ಊರುಗಳ ಹೆಸರನ್ನು ಕಲೆಸಿಕೊಂಡು ಟಪಾಲು ತಪ್ಪಿಹೋಗುವುದು ಮೊದಲಿನಿಂದಲೂ ಇದ್ದದ್ದೇ. ನೀರಾದರೂ ಸರಿಯಾದ ವಿಳಾಸಕ್ಕೆ ಬಂದಿತಲ್ಲ ಎಂದು ಮಾಸ್ತರರು ಈಗಲೂ ಹೇಳುತ್ತಾರೆ.

ದಂಡೆಯಲ್ಲಿ ನಮಗಾಗಿ ಎರಡು ಹರಿಗೋಲುಗಳು ಕಾದಿದ್ದವು. ಇಲ್ಲಿಯ ಜನ, ಕನ್ನಡದವರಿರಲಿ ತೆಲುಗಿನವರಿರಲಿ, ಅದನ್ನು 'ಪುಟ್ಟಿ' ಎಂದೇ ಕರೆಯುತ್ತಾರೆ. ಪುಟ್ಟಿಯೆಂದರೆ ನಮ್ಮಲ್ಲಿ ಬುಟ್ಟಿಯೂ ಹೌದು. ನೋಡಿದರೆ ಬೇರೆ ಹೆಸರು ಇಡಲು ಮನಸ್ಸೂ ಬಾರದು. ಬಿದಿರಿನ ಸೀಳುಗಳನ್ನು ದುಂಡಗೆ ಹೆಣೆದು, ಹೊರಮೈಗೆ ಹಿಂದೆ ದನದ ತೊಗಲು ಹೊದಿಸುತ್ತಿದ್ದರು. ಈಗ ಪ್ಲಾಸ್ಟಿಕ್ ಚೀಲದ ಬಟ್ಟೆಯನ್ನು ಹೊದಿಸಿ ಡಾಂಬರು ಬಳಿಯುತ್ತಾರೆ. ಫೈಬರಿನ ಪುಟ್ಟಿಗಳೂ ಬಂದಿವೆ. ಮುಂದು ಹಿಂದು ಎಂಬುದು ಇದಕ್ಕಿಲ್ಲ. ಅಂಬಿಗನು ಹೋಗಬೇಕಾದ ದಿಕ್ಕಿಗೆ ಮುಖಮಾಡಿ ಕುಳಿತು, ಹುಟ್ಟಿನಿಂದ ನೀರನ್ನು ತನ್ನೆಡೆಗೆ ಎಳೆದುಕೊಳ್ಳುತ್ತಾನೆ. ಒಂದು ಕ್ಷಣ ಕೈ ಬಿಟ್ಟರೆ ಪುಟ್ಟಿ ಬುಗುರಿಯಂತೆ ಸುತ್ತಲಾರಂಭಿಸುತ್ತದೆ. ಪೋರ್ಚುಗಲ್ಲಿನ ಪ್ರವಾಸಿ ಡೊಮಿಂಗೊ ಪಾಯೆಸ್ 1520ರ ಸುಮಾರಿಗೆ ವಿಜಯನಗರದ ಬಳಿಯ ಹೊಳೆಯಲ್ಲಿ ಇಂಥವನ್ನೇ ಕಂಡು, ಇವು ನೆಟ್ಟಗೆ ಹೋಗದೆ ಸದಾ ತಿರುಗುತ್ತಲೇ ಇರುತ್ತವೆಂದು ಬರೆದಿಟ್ಟಿದ್ದಾನೆ. ಅವನಿಗಿಂತ ಎರಡು ಸಾವಿರ ವರ್ಷ ಹಿಂದೆ ಗ್ರೀಕರ ಹೆರೊಡೋಟಸನು ಯೂಫ್ರೆಟಿಸ್ ನದಿಯಲ್ಲಿ ಬ್ಯಾಬಿಲೋನಿಗೆ ಸರಕು ತರುತ್ತಿದ್ದ ದುಂಡನೆಯ ತೊಗಲುದೋಣಿಗಳನ್ನು ವರ್ಣಿಸಿದ್ದಾನೆ. ಹಾಯಿದೋಣಿಯ ಚಿತ್ರ ಕಳುಹಿಸಿದ ಹುಡುಗನಿಗೆ ನಾವು ಬರೆದ ಉತ್ತರದಲ್ಲಿ ಈ ವಿಷಯವನ್ನು ಸ್ವಲ್ಪ ಹೆಮ್ಮೆಯಿಂದಲೇ ಸೇರಿಸಿದೆವು.

ಹತ್ತುವ ಹೊತ್ತಿಗೇ ಒಂದು ಚರ್ಚೆ ಎದ್ದಿತು. ಹನ್ನೊಂದು ಮಂದಿಗೆ ಒಂದೇ ಪುಟ್ಟಿ ಸಾಲದೇ, ಎಲ್ಲರೂ ಕೂಡಿ ಮಾತನಾಡುತ್ತ ಹೋಗಬಹುದಲ್ಲ ಎಂದು ವಕೀಲರ ವಾದ. ಅಂಬಿಗ ಅರವತ್ತು ದಾಟಿದ ಮನುಷ್ಯ. ಅವನು ಹುಟ್ಟನ್ನು ನೆಲಕ್ಕೂರಿ ನಿಂತು, "ಸಾಹೇಬ್ರ, ಒಂದು ಪುಟ್ಟಿಗಿ ಆರು ಮಂದಿ. ಏಳನೇದವ್ರು ದಂಡ್ಯಾಗ ಕುಂದ್ರಬೇಕಾಗ್ತದ್ರಿ" ಎಂದ. ವಕೀಲರು ಮತ್ತೇನೋ ಹೇಳಹೊರಟರು. ಅವರ ಮನೆಯವರು, "ಹೊಳಿ ಅವರದು, ನಿಮ್ಮ ಕೋರ್ಟಲ್ಲ, ಸುಮ್ಮನೆ ಹತ್ತಿರಿ" ಎಂದರು. ಅಲ್ಲಿಗೆ ವಾದ ಮುಗಿಯಿತು.

ಅಂಬಿಗನ ಲೆಕ್ಕಕ್ಕೆ ಕಾರಣವಿತ್ತು. 2020ರ ಆಗಸ್ಟ್ ತಿಂಗಳಿನಲ್ಲಿ, ಹೊಳೆ ತುಂಬಿ ಬಂದಿದ್ದಾಗ, ಕುರುವಕಲಾ ನಡುಗಡ್ಡೆಯವರನ್ನು ಹೊತ್ತು ಪಂಚದೇವ ಪಹಾಡದ ಈ ದಾರಿಯಲ್ಲಿ ಸಾಗುತ್ತಿದ್ದ ಪುಟ್ಟಿಯೊಂದು ಮಗುಚಿತು. ಅದರಲ್ಲಿ ಹದಿಮೂರು ಮಂದಿ ಇದ್ದರು. ಒಂಬತ್ತು ಮಂದಿ ಬದುಕಿದರು, ನಾಲ್ವರು ನೀರಿನ ಪಾಲಾದರು. ಅವರು ವಿಹಾರಕ್ಕೆ ಹೊರಟವರಲ್ಲ. ಮನೆಗೆ ಬೇಕಾದ ಸಾಮಾನಿಗಾಗಿ ಹೊಳೆ ದಾಟುತ್ತಿದ್ದವರು. ನಾವು ತೇಲುವ ಟೊಳ್ಳು ಅಂಗಿಗಳನ್ನು ಹೈದರಾಬಾದಿನಿಂದ ಬಾಡಿಗೆಗೆ ತರಿಸಿದ್ದೆವು. ಅವನ್ನು ತೊಟ್ಟುಕೊಂಡ ಹೆಂಗಸರು ಮೊದಲು ಒಬ್ಬರನ್ನೊಬ್ಬರು ನೋಡಿ ನಕ್ಕರು. ಅಂಬಿಗ ನಗಲಿಲ್ಲ. ಪ್ರತಿಯೊಬ್ಬರ ಪಟ್ಟಿಯನ್ನೂ ಎಳೆದು ನೋಡಿ ಬಿಗಿದ ಮೇಲೆಯೇ ಹಗ್ಗ ಬಿಚ್ಚಿದ.

ಬೆಳಗಿನ ಆರು ಗಂಟೆಯ ಹಿನ್ನೀರು ಎಣ್ಣೆ ಸುರಿದಂತೆ ನಿಶ್ಚಲವಾಗಿತ್ತು. ಮುಳುಗಿ ಒಣಗಿದ ಜಾಲಿಮರಗಳ ಕೊಂಬೆಗಳು ಅಲ್ಲಲ್ಲಿ ನೀರಿನಿಂದ ಮೇಲೆದ್ದಿದ್ದು, ಒಂದೊಂದು ಕೊಂಬೆಗೂ ಒಂದೊಂದು ನೀರುಕಾಗೆ ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುತ್ತ ಕುಳಿತಿತ್ತು. ಕಪ್ಪುಬಿಳಿ ಮಿಂಚುಳ್ಳಿಯೊಂದು ಗಾಳಿಯಲ್ಲಿ ನಿಂತಲ್ಲೇ ರೆಕ್ಕೆ ಬಡಿದು, ಕಲ್ಲು ಬಿದ್ದಂತೆ ನೀರಿಗೆ ಬಿದ್ದು, ಮೀನು ಹಿಡಿದು ಎದ್ದಿತು. ಮಕ್ಕಳಿಗೆ ಇದೇ ಸಾಕಾಯಿತು. ಮುಂದಿನ ಒಂದು ಗಂಟೆ ಅವು ಮಿಂಚುಳ್ಳಿಯ ಲೆಕ್ಕ ಇಟ್ಟವು. ಮೊಸಳೆಯನ್ನು ಕಾಣಬಹುದೇ ಎಂಬ ಪ್ರಶ್ನೆಗೆ ಅಂಬಿಗನು, "ಅದು ನಮ್ಮನ್ನ ಕಾಣ್ತಿರ್ತದವ್ವಾ, ನಾವು ಕಾಣಬೇಕಂತಿಲ್ಲ" ಎಂದು ಮಗುವಿಗೆ ಉತ್ತರ ಕೊಟ್ಟ. ರಾಯಚೂರು ಸೀಮೆಯ ಕೃಷ್ಣೆಯಲ್ಲಿ ಮೊಸಳೆಗಳಿರುವುದು ಹೊಸ ಸಂಗತಿಯಲ್ಲ. ಆದುದರಿಂದ ಕೊಲ್ಲಿಯಲ್ಲಿ ಇಳಿದು ಈಜಬೇಕೆಂಬ ಹುಮ್ಮಸ್ಸಿದ್ದ ತರುಣರು ತಂಬಿಗೆಯಲ್ಲಿ ನೀರು ಮೊಗೆದು ತಲೆಗೆ ಸುರಿದುಕೊಳ್ಳುವುದರಲ್ಲಿಯೇ ತೃಪ್ತರಾದರು.

ಮೊದಲ ಕೊಲ್ಲಿಯಲ್ಲಿ ನಿಂತಾಗ ಎಂಟು ಗಂಟೆ. ಲಂಗರು ಹಾಕುವುದೆಂದರೆ ಇಲ್ಲಿ ಪುಟ್ಟಿಯನ್ನು ಎಳೆದು ದಂಡೆಗೆ ಹಾಕುವುದು, ಅಷ್ಟೇ. ನೆರಳಿಲ್ಲದಿದ್ದರೆ ಅದನ್ನೇ ಬೋರಲು ಹಾಕಿ, ಒಂದು ಕಡೆ ಹುಟ್ಟಿನ ಊರೆ ಕೊಟ್ಟರೆ ಚಪ್ಪರವಾಗುತ್ತದೆ. ಯಾವ ಹಾಯಿದೋಣಿ ಈ ಕೆಲಸ ಮಾಡೀತು! ಆ ದುಂಡು ನೆರಳಿನಲ್ಲಿ ಕುಳಿತು ನಾವು ಕಟ್ಟಿಕೊಂಡು ಬಂದ ಬುತ್ತಿ ಬಿಚ್ಚಿದೆವು. ಜೋಳದ ಕಟಿರೊಟ್ಟಿ, ಶೇಂಗಾ ಹಿಂಡಿ, ಎಣ್ಣೆಗಾಯಿ, ಗಟ್ಟಿ ಮೊಸರು. ನಾರಾಯಣಪೇಟೆಯವರು ತಂದದ್ದು ಪುಂಡಿಪಲ್ಯ, ಗದ್ವಾಲದವರು ತಂದದ್ದು ಗೋಂಗೂರ. ಎರಡೂ ಒಂದೇ ಸೊಪ್ಪು. ಒಂದರಲ್ಲಿ ಬೇಳೆ ನುಚ್ಚು ಬಿದ್ದಿತ್ತು, ಇನ್ನೊಂದರಲ್ಲಿ ಎಣ್ಣೆ ಖಾರ ಮೆರೆದಿತ್ತು. ಯಾವುದು ಮೇಲೆಂಬ ತೀರ್ಪು ಕೊಡಲು ನಮಗೆ ಧೈರ್ಯವಾಗಲಿಲ್ಲ. ಎರಡೂ ಮನೆಗಳಲ್ಲಿ ನಾವು ಮುಂದೆಯೂ ಊಟ ಮಾಡಬೇಕಾಗಿದೆ.

ಹತ್ತರ ಹೊತ್ತಿಗೆ ಕುರುವಪುರದ ದಂಡೆ. ಜನರ ಬಾಯಲ್ಲಿ ಇದು ಕುರುಗಡ್ಡಿ. ಶ್ರೀಪಾದ ಶ್ರೀವಲ್ಲಭರು ಹದಿನಾಲ್ಕನೆಯ ಶತಮಾನದಲ್ಲಿ ತಪಸ್ಸು ಮಾಡಿದ ಸ್ಥಳವೆಂದು ದತ್ತಸಂಪ್ರದಾಯದವರಿಗೆ ಪೂಜ್ಯವಾದ ನಡುಗಡ್ಡೆ. ರಾಯಚೂರು ತಾಲ್ಲೂಕಿಗೆ ಸೇರಿದ್ದು. ದೊಡ್ಡ ಆಲದಮರವೊಂದಿದೆ, ಗುಹೆಯಿದೆ, ಗುಡಿಯಿದೆ. ದರ್ಶನವನ್ನು ಮುಗಿಸಿ ಆಲದ ಕೆಳಗೆ ಕುಳಿತಾಗ ಮಾಸ್ತರರು ಗುರುಚರಿತ್ರೆಯ ಒಂದು ಪ್ರಸಂಗವನ್ನು ತೆಗೆದರು. ಅದನ್ನು ಕೇಳಿದ ಮೇಲೆ ನಮ್ಮ ವಿಹಾರಕ್ಕೆ ಒಂದು ವಂಶಾವಳಿಯೇ ದೊರೆತಂತಾಯಿತು.

ಶ್ರೀಪಾದರ ಸೇವೆಗೆ ನಿಂತ ಬಡ ಅಗಸನೊಬ್ಬ ಇದೇ ಹೊಳೆಯಲ್ಲಿ ಬಟ್ಟೆ ಒಗೆಯುತ್ತಿದ್ದ. ವಸಂತ ಋತು, ವೈಶಾಖ ಮಾಸ. ಒಬ್ಬ ಯವನ ರಾಜನು ತನ್ನ ರಾಣಿಯರೊಡನೆ ಅಲಂಕರಿಸಿಕೊಂಡು, ಪರಿವಾರ ಸಮೇತನಾಗಿ ನದಿಯಲ್ಲಿ ವಿಹರಿಸುತ್ತ ಬಂದ. ಅಗಸನು ಕೈಯಲ್ಲಿದ್ದ ಬಟ್ಟೆಯನ್ನು ಮರೆತು ನೋಡುತ್ತ ನಿಂತ. ಇಂಥ ಸುಖ ಒಂದು ಜನ್ಮದಲ್ಲಾದರೂ ನನಗೆ ದೊರೆತೀತೇ ಎಂದು ಅವನ ಮನಸ್ಸಿಗೆ ಬಂದಿತು. ಗುರುಗಳು ಅದನ್ನು ಅರಿತು, ಮುಂದಿನ ಜನ್ಮದಲ್ಲಿ ನೀನು ರಾಜನಾಗುವೆ ಎಂದು ಹರಸಿದರು. ಅವನು ಬೀದರಿನಲ್ಲಿ ಅರಸನಾಗಿ ಹುಟ್ಟಿ, ಬಹುಕಾಲದ ಮೇಲೆ ಗಾಣಗಾಪುರಕ್ಕೆ ಬಂದು ನೃಸಿಂಹ ಸರಸ್ವತಿಗಳನ್ನು ಕಂಡನೆಂಬುದು ಕಥೆಯ ಮುಂದಿನ ಭಾಗ. ಗುರುಚರಿತ್ರೆ ಮರಾಠಿಯ ಗ್ರಂಥ. ಆದರೆ ಅದನ್ನು ರಚಿಸಿದ ಸರಸ್ವತಿ ಗಂಗಾಧರರು ಆಳಂದದ ಬಳಿಯ ಕಡಗಂಚಿಯವರು, ಮನೆಮಾತು ಕನ್ನಡವಾಗಿದ್ದವರು ಎಂದು ಹೇಳುತ್ತಾರೆ. ಗಡಿನಾಡಿನಲ್ಲಿ ಹುಟ್ಟಿದವನು ಎರಡು ಭಾಷೆಯಲ್ಲಿ ಬದುಕಬೇಕಾಗುವುದು ನಿನ್ನೆ ಮೊನ್ನೆಯ ಮಾತಲ್ಲ.

ಕಥೆ ಕೇಳಿ ಎಲ್ಲರೂ ಮೆಚ್ಚಿದರು. ವ್ಯಾಪಾರಿಗಳ ಮನೆಯವರು ಮಾತ್ರ, "ರಾಜ ಹೋದಮ್ಯಾಲ ಆ ಬಟ್ಟಿ ಒಗೆದವ್ರು ಯಾರು?" ಎಂದು ಕೇಳಿದರು. ಮಾಸ್ತರರಿಗೆ ಉತ್ತರ ಹೊಳೆಯಲಿಲ್ಲ.

ಆ ಪ್ರಶ್ನೆ ನಮ್ಮ ತಲೆಯಲ್ಲಿ ಇನ್ನೂ ಸುತ್ತುತ್ತಿದ್ದಾಗಲೇ ನಡುಗಡ್ಡೆಯ ದಂಡೆಗೆ ಇನ್ನೊಂದು ಪುಟ್ಟಿ ಬಂದಿತು. ಅದರಲ್ಲಿ ಅಡಿಗೆ ಅನಿಲದ ಸಿಲಿಂಡರು, ಎರಡು ಚೀಲ ಅಕ್ಕಿ, ಒಂದು ಸೈಕಲ್ಲು, ಅದರ ಒಡೆಯ. ಇಲ್ಲಿಯ ಜನರಿಗೆ ಉಪ್ಪಿನ ಪೊಟ್ಟಣದಿಂದ ಹಿಡಿದು ಮದುವೆಯ ಮಂಚದವರೆಗೆ ಎಲ್ಲವೂ ಹೀಗೆಯೇ ಬರಬೇಕು. ಬೇಸಿಗೆಯಲ್ಲಾದರೂ ನಿಮಗೆ ಸುಲಭವಲ್ಲವೇ ಎಂದು ನಾವು ವಿಚಾರಿಸಿದೆವು. ಅಂಬಿಗ ನಮ್ಮನ್ನು ಒಮ್ಮೆ ದಿಟ್ಟಿಸಿ ನೋಡಿದ. "ಮೊದಲ ಬ್ಯಾಸಿಗ್ಯಾಗ ನಡಕೊಂತ ದಾಟ್ತಿದ್ವಿರಿ ಸಾಹೇಬ್ರ. ಆರು ತಿಂಗಳ ಹೊಳಿ, ಆರು ತಿಂಗಳ ದಾರಿ. ಡ್ಯಾಮ್ ಆದಮ್ಯಾಲ ಹನ್ನೆರಡು ತಿಂಗಳನೂ ಹೊಳೀನ ಆತು" ಎಂದ.

ನಮ್ಮನ್ನು ತೇಲಿಸಿದ ನೀರೇ ಅವರನ್ನು ಸುತ್ತುಗಟ್ಟಿದೆ. ಜುರಾಲದಿಂದ ಗದ್ವಾಲ, ಆತ್ಮಕೂರುಗಳ ಹೊಲಗಳಿಗೆ ನೀರು ಬಂದಿದೆ, 234 ಮೆಗಾವಾಟಿನ ವಿದ್ಯುದಾಗಾರ ಎದ್ದಿದೆ. ಇವುಗಳ ಬೆಲೆಯನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ನಡುಗಡ್ಡೆಯವರ ಬೇಸಿಗೆಯ ದಾರಿಯನ್ನು ತೆಗೆದುಕೊಂಡ ಮೇಲೆ ಅದರ ಬದಲಿಗೆ ಒಂದು ಸೇತುವೆಯನ್ನು ಕೊಡಬೇಕಾದದ್ದು ನ್ಯಾಯವಾಗಿತ್ತು. ಕುರುವಕಲಾ, ಕುರುವಕುರ್ದಾಗಳ ಸೇತುವೆಯ ಕೆಲಸ ಆರಂಭವಾಗಿಯೂ ವರ್ಷಗಟ್ಟಲೆ ನಿಂತುಹೋದದ್ದನ್ನು, ಕಂಬಗಳು ಮಾತ್ರ ನೀರಿನಲ್ಲಿ ನಿಂತು ಪ್ರತಿ ಪ್ರವಾಹಕ್ಕೂ ಸಾಕ್ಷಿಯಾದದ್ದನ್ನು ಈ ಸೀಮೆಯ ಪತ್ರಿಕೆಗಳು ಬರೆದು ಬರೆದು ಸೋತಿವೆ. ಕಟ್ಟೆ ಒಂದು ರಾಜ್ಯದ್ದು, ನಡುಗಡ್ಡೆ ಇನ್ನೊಂದು ರಾಜ್ಯದ್ದು. ಇಂಥ ಕಡೆ ಕಡತಗಳು ಪುಟ್ಟಿಗಿಂತ ಹೆಚ್ಚು ಸುತ್ತುತ್ತವೆ. ಹೊಳೆಯ ಮೇಲೆ ಸೇತುವೆಗಳೇ ಇಲ್ಲವೆಂದಲ್ಲ. ಮೇಲುಗಡೆ ದೇವಸೂಗೂರಿನಲ್ಲಿ ನಿಜಾಮರ ಕಾಲದ ಸೇತುವೆಯಿದೆ, ರೈಲಿನ ಸೇತುವೆಯಿದೆ. 1871ರಷ್ಟು ಹಿಂದೆಯೇ ಮುಂಬಯಿ ಕಡೆಯ ರೈಲುದಾರಿ ಕೃಷ್ಣೆಯನ್ನು ದಾಟಿ ರಾಯಚೂರು ಮುಟ್ಟಿತ್ತು. 2023ರ ಅಕ್ಟೋಬರಿನಿಂದ ಮಕ್ತಲದ ಮೇಲಿಂದಲೂ ರೈಲು ಕೃಷ್ಣಾ ನಿಲ್ದಾಣಕ್ಕೆ ಬಂದು ರಾಯಚೂರಿಗೆ ಹೋಗುತ್ತಿದೆ. ಮುಂಬಯಿಗೆ ಹೋಗುವವನಿಗೆ ನೂರೈವತ್ತು ವರ್ಷದಿಂದ ಸೇತುವೆಯುಂಟು, ಎದುರಿನ ದಂಡೆಗೆ ಹೋಗುವವನಿಗೆ ಪುಟ್ಟಿ.

ಮಧ್ಯಾಹ್ನ ಮೂರಕ್ಕೆ ಹೊರಟು, ಇನ್ನೂ ಎರಡು ಕೊಲ್ಲಿ ನೋಡಿ ಸಂಜೆಗೆ ಮರಳುವುದೆಂದು ನಮ್ಮ ಯೋಜನೆಯಿತ್ತು. ಮೂರು ಗಂಟೆಗೆ ಅಂಬಿಗನು ಆಕಾಶ ನೋಡಿ ಪುಟ್ಟಿಯನ್ನು ಇನ್ನೂ ಮೇಲಕ್ಕೆ ಎಳೆದು ಹಾಕಿದ. ಪಡುವಣದಲ್ಲಿ ಕಾಣುತ್ತಿದ್ದದ್ದು ಅಂಗೈಯಷ್ಟು ಕಂದು ಮೋಡ. ಬಿಸಿಲು ಕಣ್ಣು ಕುಕ್ಕುತ್ತಿತ್ತು, ಎಲೆ ಅಲುಗುತ್ತಿರಲಿಲ್ಲ. ವಕೀಲರು ಗಡಿಯಾರ ನೋಡತೊಡಗಿದರು. ಇಪ್ಪತ್ತು ನಿಮಿಷವಾಗಿರಬಹುದು, ಇದ್ದಕ್ಕಿದ್ದಂತೆ ಧೂಳಿನ ಗೋಡೆಯೊಂದು ಹೊಳೆಯ ಮೇಲೆ ನಡೆದು ಬಂದಿತು. ಬೆಳಗಿನಲ್ಲಿ ಎಣ್ಣೆಯಂತಿದ್ದ ನೀರು ಕುದಿಯುವ ಎಸರಿನಂತಾಯಿತು. ಹರಿಗೋಲಿಗೆ ತಳದಲ್ಲಿ ನೀರನ್ನು ಕಚ್ಚಿ ಹಿಡಿಯುವ ಏಣಿಲ್ಲ. ಗಾಳಿ ಎತ್ತ ನೂಕಿದರೆ ಅತ್ತ ಸರಿಯುತ್ತದೆ, ಅಲೆ ಅಂಚನ್ನು ದಾಟಿದರೆ ತುಂಬಿಕೊಳ್ಳುತ್ತದೆ. ನಡುಹೊಳೆಯಲ್ಲಿ ಇದ್ದಿದ್ದರೆ ಏನಾಗುತ್ತಿತ್ತೆಂದು ಯಾರೂ ಬಾಯಿಬಿಟ್ಟು ಕೇಳಲಿಲ್ಲ. ಮಕ್ಕಳನ್ನು ತಾಯಂದಿರು ಹತ್ತಿರಕ್ಕೆಳೆದುಕೊಂಡರು.

ನಮ್ಮಂತೆಯೇ ಕಾದವರು ಇನ್ನೂ ಇಬ್ಬರಿದ್ದರು. ತುಂಬು ಬಸುರಿ ಹುಡುಗಿ, ಅವಳ ತಾಯಿ. ಮಧ್ಯಾಹ್ನದಿಂದ ಬೇನೆ ಆರಂಭವಾಗಿತ್ತಂತೆ. ಮಕ್ತಲದ ಆಸ್ಪತ್ರೆಗೆ ಹೋಗಬೇಕು. ತಾಯಿ ಬಟ್ಟೆಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು, ಗಾಳಿಗೆ ಬೆನ್ನು ಕೊಟ್ಟು ಮಗಳಿಗೆ ಮರೆಯಾಗಿ ಕುಳಿತಿದ್ದಳು. ಅಳಲಿಲ್ಲ, ಯಾರನ್ನೂ ಬೈಯಲಿಲ್ಲ. ನಮ್ಮ ಹೆಂಗಸರು ಹೋಗಿ ಪಕ್ಕದಲ್ಲಿ ಕುಳಿತರು. ಮಾಸ್ತರರ ಮನೆಯವರು ಹುಡುಗಿಯ ಸೊಂಟ ನೀವುತ್ತ, ಬೇನೆಯ ನಡುವಿನ ಹೊತ್ತನ್ನು ಗಡಿಯಾರದಲ್ಲಿ ಎಣಿಸುತ್ತಿದ್ದರು. ಆ ಒಂದೂವರೆ ಗಂಟೆಯಲ್ಲಿ ನಮ್ಮಲ್ಲಿ ಒಬ್ಬರಿಗೂ ಮಾತು ಬೇಕಾಗಲಿಲ್ಲ. ಎದುರು ದಂಡೆ ಕಣ್ಣಿಗೆ ಕಾಣುತ್ತಲೇ ಇತ್ತು. ಅಲ್ಲಿ ನಿಂತಿದ್ದ ನಮ್ಮದೇ ಕಾರುಗಳೂ ಕಾಣುತ್ತಿದ್ದವು.

ಗಾಳಿ ತಗ್ಗಿ ನಾಲ್ಕು ಹನಿ ಉದುರಿದ ಮೇಲೆ ಅಂಬಿಗ ನೀರಿಗಿಳಿದು ಅಲೆಯನ್ನು ನೋಡಿದ. ಮೊದಲ ಪುಟ್ಟಿಯಲ್ಲಿ ತಾಯಿ, ಮಗಳು, ಮಾಸ್ತರರ ಮನೆಯವರು, ಜೊತೆಗೆ ಕಾರಿನ ಕೀಲಿಯೊಡನೆ ವಕೀಲರು. ಬೇರೆ ಯಾರನ್ನೂ ಅವನು ಹತ್ತಿಸಲಿಲ್ಲ. ನಾವು ಉಳಿದವರು ದಂಡೆಯಲ್ಲಿ ನಿಂತು, ಆ ದುಂಡನೆಯ ಬುಟ್ಟಿ ಒಮ್ಮೆ ಅಲೆಯ ಮೇಲೆದ್ದು ಒಮ್ಮೆ ಮರೆಯಾಗುತ್ತ ಸಾಗುವುದನ್ನು ನೋಡಿದೆವು. ಅದು ಎದುರು ದಂಡೆ ಮುಟ್ಟಿ ಕಾರಿನ ದೀಪ ಹೊತ್ತಿಕೊಳ್ಳುವವರೆಗೆ ಯಾರೂ ಕುಳಿತುಕೊಳ್ಳಲಿಲ್ಲ. ರಾತ್ರಿ ಒಂಬತ್ತಕ್ಕೆ ಮಕ್ತಲದಿಂದ ಸುದ್ದಿ ಬಂದಿತು: ಗಂಡುಮಗು, ತಾಯಿ ಕ್ಷೇಮ. ವ್ಯಾಪಾರಿಗಳು ಮರುದಿನವೇ ಬಾಣಂತಿಗೆ ಒಂದು ನಾರಾಯಣಪೇಟೆ ಸೀರೆಯನ್ನು ಕಳುಹಿಸಿಕೊಟ್ಟರು. ಗದ್ವಾಲದ್ದಾದರೆ ರೇಷ್ಮೆಯ ಸೆರಗು ಇರುತ್ತಿತ್ತು ಎಂದು ವಕೀಲರು ಕೆಣಕಿದರು. ಬಾಣಂತಿಗೆ ನೂಲೇ ಹಿತವೆಂದು ಹೆಂಗಸರು ತೀರ್ಪಿತ್ತರು.

ಎರಡನೆಯ ದಿನವನ್ನು ಗದ್ವಾಲದ ಕಡೆ ಕಳೆದೆವು. ಸಂಸ್ಥಾನದ ಹಳೆಯ ಕೋಟೆ, ಅದರೊಳಗಿನ ಚೆನ್ನಕೇಶವನ ಗುಡಿ, ಆಮೇಲೆ ಜುರಾಲದ ಕಟ್ಟೆ. ಕಟ್ಟೆಯ ಮೇಲೆ ನಿಂತು ನೋಡಿದರೆ ಮೇಲುಗಡೆ ಕಣ್ಣು ಹೋದಷ್ಟು ನೀರು, ಕೆಳಗಡೆ ಬೇಸಿಗೆಯ ಬೆತ್ತಲೆ ಬಂಡೆ. ಹತ್ತಿರದಲ್ಲಿ ಮೀನು ಹುರಿದು ಮಾರುವ ಅಂಗಡಿಗಳ ಸಾಲು. ಈ ಮೀನಿಗಾಗಿಯೇ ದೂರದಿಂದ ಜನ ಬರುತ್ತಾರೆ. ನಮ್ಮಲ್ಲಿ ಅರ್ಧ ಮಂದಿ ತಿಂದರು, ಅರ್ಧ ಮಂದಿ ಗಾಳಿ ಬರುವ ದಿಕ್ಕನ್ನು ನೋಡಿ ದೂರ ಕುಳಿತರು. ಇನ್ನೂ ಕೆಳಗೆ ಸೋಮಶಿಲೆಯಿಂದ ಶ್ರೀಶೈಲಕ್ಕೆ ತೆಲಂಗಾಣ ಪ್ರವಾಸೋದ್ಯಮ ಇಲಾಖೆಯವರು 2024ರ ನವೆಂಬರಿನಲ್ಲಿ ದೊಡ್ಡ ದೋಣಿಯ ಪ್ರಯಾಣ ಆರಂಭಿಸಿದರು. ಕುರ್ಚಿಯಲ್ಲಿ ಕುಳಿತು ಹೊಳೆ ನೋಡಬೇಕೆನ್ನುವವರಿಗೆ ಅದು ಅನುಕೂಲ.

ಪುಟ್ಟಿಯಲ್ಲಿಯೇ ಹೋಗಬೇಕೆನ್ನುವ ಬಂಧುಗಳಿಗೆ ಒಂದೆರಡು ಸೂಚನೆ. ಬೆಳಗಿನ ಆರಕ್ಕೆ ನೀರಿನ ಮೇಲಿರಬೇಕು, ಹನ್ನೊಂದರೊಳಗೆ ದಂಡೆ ಸೇರಬೇಕು. ತೇಲುವ ಅಂಗಿಯನ್ನು ಮಕ್ಕಳಿಗಷ್ಟೇ ಅಲ್ಲ, ಈಜು ಬಲ್ಲೆನೆಂದು ಬೀಗುವ ಗಂಡಸರಿಗೂ ತೊಡಿಸಬೇಕು. ಜೂನಿನ ನಂತರ ಮೇಲಿನ ಜಲಾಶಯಗಳು ಬಾಗಿಲು ತೆರೆದರೆ ಹೊಳೆ ಒಂದೇ ರಾತ್ರಿಯಲ್ಲಿ ಏರುತ್ತದೆ. ಆಗ ವಿಹಾರದ ಮಾತನ್ನೇ ಆಡಬಾರದು. ಅಂಬಿಗನು ಬೇಡವೆಂದರೆ ಎರಡನೆಯ ಸಲ ಕೇಳಬಾರದು. ಬುತ್ತಿಯಲ್ಲಿ ಅವನ ಪಾಲಿನ ನಾಲ್ಕು ರೊಟ್ಟಿ ಹೆಚ್ಚಿಗೆ ಇರಲಿ. ದಂಡೆಯಲ್ಲಿ ನಡುಗಡ್ಡೆಯವರು ಯಾರಾದರೂ ಕಾಯುತ್ತಿದ್ದರೆ ಮೊದಲ ಪುಟ್ಟಿ ಅವರದು.